ಅರ್ಧ ಟಿಕೆಟ್ಟಿನ ಗೆರೆ

ಅಲಾರಂ ಇರುವುದು ನಾಲ್ಕೂಕಾಲಿಗೆ. ಅದಕ್ಕೂ ಮೊದಲೇ
ಎದೆ ಮೇಲೆ ಕೂತು ಕೆಂಚಿ ಎಬ್ಬಿಸುತ್ತಾಳೆ,
ಉಗುರು ಒಳಗಿಟ್ಟು, ಗಲ್ಲಕ್ಕೆ ಅಂಗೈ ಒತ್ತಿ.
ಹನ್ನೊಂದು ವರ್ಷದ ರೂಢಿ.
ಚಿಲ್ಲರೆಗೆ ಆ ನಾಜೂಕು ಇನ್ನೂ ಬಂದಿಲ್ಲ,
ನೇರ ನನ್ನ ಹೆಬ್ಬೆರಳಿಗೇ ಹಲ್ಲು ಹಾಕುತ್ತಾನೆ.

ಅವನು ಸಿಕ್ಕಿದ್ದು ಡಿಪೋದಲ್ಲಿ, ಹಿಂದಿನ ಚಕ್ರದ ಸಂದಿಯಲ್ಲಿ.
ಚರ್ಮದ ಚೀಲದೊಳಗೆ ಇಳಿಸಿಕೊಂಡು
ಲೆಕ್ಕ ಕಟ್ಟಲು ನಿಂತಿದ್ದೆ.
"ಏನ್ ಮೇಡಂ, ನಿಮ್ಮ ಚಿಲ್ಲರೆ ಕೂಗ್ತಾ ಇದೆ" ಅಂದ ಕ್ಯಾಶಿಯರ್.
ಹೆಸರು ಅಲ್ಲೇ ಬಿತ್ತು.

ಹೆಬ್ಬಾಳದ ಆಸ್ಪತ್ರೆಯಲ್ಲಿ
ಎರಡು ಹಸು, ಒಂದು ಮುಂಗೋಪಿ ಗಿಣಿ ಆದ ಮೇಲೆ ನಮ್ಮ ಸರದಿ.
ಡಾಕ್ಟರು ಚೀಟಿಯ ಹಿಂಬದಿಗೆ ಬರೆದುಕೊಟ್ಟರು:
ಮರಿಗೆ ನಾಲ್ಕು ಹೊತ್ತು, ಮರಿಯದೇ ಊಟ, ಜಿಡ್ಡು ಇರಲಿ.
ದೊಡ್ಡವಳಿಗೆ ಎರಡೇ ಹೊತ್ತು, ಅಳೆದು;
ಕಿಡ್ನಿ ಸೋತಿದೆ.
ಅವನದ್ದು ಇವಳಿಗೆ ಆಗದು,
ಇವಳದ್ದು ಅವನಿಗೆ ಸಾಲದು.
ಪೆನ್ನಿಗೆ ಮುಚ್ಚಳ ಹಾಕುತ್ತ ಅಂದರು,
"ಬೇರೆ ಬೇರೆ ರೂಮಲ್ಲಿ ಹಾಕಿ."

ರೂಮು ಅಂದರೆ, ಡಾಕ್ಟ್ರೇ,
ಲಿಂಗರಾಜಪುರದ ವಠಾರದಲ್ಲಿ ಹತ್ತು ಬೈ ಹನ್ನೆರಡು.
ಬಚ್ಚಲಿಗೆ ಬಾಗಿಲಿದೆ, ಚಿಲಕವಿಲ್ಲ.

ಮೊದಲು ಕೆಂಚಿಯ ತಟ್ಟೆ ಫ್ರಿಜ್ಜಿನ ಮೇಲಿಟ್ಟೆ.
ಅವಳು ಕತ್ತೆತ್ತಿ ಎತ್ತರ ನೋಡಿದಳು,
ಆಮೇಲೆ ನನ್ನನ್ನು.
ರಿಟೈರಾದ ಡ್ರೈವರ್ ಸ್ಟೇರಿಂಗ್ ನೋಡುವ ಹಾಗೆ.
ಇಳಿಸಿದೆ.
ಮರುದಿನ ಮರಿಯ ತಟ್ಟೆ ಮೇಲಿಟ್ಟೆ:
ಮರಿ, ತಟ್ಟೆ, ಉಪ್ಪಿನ ಡಬ್ಬಿ ಒಟ್ಟಿಗೇ ಕೆಳಗೆ ಬಂದವು.

ಮೀನು ಮಾರುವ ಅಂತೋಣಿಯಮ್ಮ ಕೊಟ್ಟಳು
ಒಂದು ಥರ್ಮಾಕೋಲ್ ಪೆಟ್ಟಿಗೆ.
ಮೂರು ಸಲ ಸೋಪು ಹಾಕಿ ತೊಳೆದರೂ
ಭೂತಾಯಿಯ ಆತ್ಮ ಹೋಗಿಲ್ಲ.
ಕಾಫಿ ಲೋಟ ಕವುಚಿ ಗುರುತು ಮಾಡಿ,
ಚಾಕು ಕಾಯಿಸಿ ಕೊರೆದೆ ಒಂದು ಬಾಗಿಲು.
ಮರಿ ಹೊಗುತ್ತದೆ. ಇವಳಿಗೆ ಮೀಸೆವರೆಗೆ ಮಾತ್ರ ಪ್ರವೇಶ.

ಮೊದಲ ದಿನ ಒಂದು ಕಣ್ಣು, ಮರುದಿನ ಒಂದು ಕೈ.
ಇವತ್ತು ಬೆಳಿಗ್ಗೆ ಕೆಂಚಿ
ಮುಂಗಾಲು ಮಡಚಿ, ಕಿವಿ ಹಿಂದಕ್ಕೆ ಒರಗಿಸಿ,
ಉಸಿರು ಬಿಟ್ಟು
ತನ್ನನ್ನೇ ಸಣ್ಣಗೆ ಮಾಡಿಕೊಂಡಳು.

ಎಲ್ಲೋ ನೋಡಿದ್ದೆ ಈ ಮೊಣಕಾಲು.

ಕಾಡುಗೋಡಿ ರೂಟು. ಹೆಂಗಸರಿಗೆ ಬಸ್ಸಿನ್ನೂ ಪುಕ್ಕಟೆಯಾಗಿರಲಿಲ್ಲ.
ಬಾಗಿಲ ಕಂಬದ ಗೆರೆ ಪಕ್ಕ ಒಬ್ಬ ಹುಡುಗ,
ದೊಗಲೆ ಚಡ್ಡಿಯೊಳಗೆ ಮೊಣಕಾಲು ಬಗ್ಗಿಸಿ ನಿಂತಿದ್ದ.
"ಅರ್ಧ ಸಾಕು ಮೇಡಂ, ಇನ್ನೂ ಚಿಕ್ಕೋನು."
"ನೆಟ್ಟಗೆ ನಿಂತ್ಕೊಳಪ್ಪ" ಅಂದೆ.
ನಿಂತ.
ತಾಯಿ ಸೆರಗಿನ ಗಂಟು ಬಿಚ್ಚಿ ಎಣಿಸಿದಳು,
ಒಂದೊಂದೇ ನಾಣ್ಯ, ಟಿನ್ ಫ್ಯಾಕ್ಟರಿ ದಾಟುವವರೆಗೂ.
ನಾನೂ ಎಣಿಸಿದೆ. ಸರಿಯಾಗಿತ್ತು.
ಆ ಟ್ರಿಪ್ಪಿನ ಲೆಕ್ಕದಲ್ಲಿ ಒಂದು ಪೈಸೆ ಹೆಚ್ಚುಕಡಿಮೆಯಿಲ್ಲ.

ಕೆಂಚಿಯ ಸೊಂಟ ಹಿಡಿದು ಹೊರಗೆಳೆದೆ.
"ನಿಂದು ಫುಲ್ಲು ಕಣೇ."
ಅವಳ ಒಣ ಕಾಳನ್ನು ಬಿಸಿನೀರಲ್ಲಿ ನೆನೆಸಿ
ಬೆರಳ ತುದಿಯಲ್ಲಿ ಒಡ್ಡಿದೆ.
ಊಟ ಮುಗಿದ ಮೇಲೂ ಬೆರಳನ್ನೇ ನೆಕ್ಕಿದಳು;
ಎಷ್ಟು ತೊಳೆದರೂ ಬಿಡದ ನಾಣ್ಯದ ಕಮಟು ಅದರಲ್ಲಿ,
ಅದು ಅವಳಿಗೆ ರುಚಿಯೋ ಏನೋ.

ಪೆಟ್ಟಿಗೆಯಿಂದ ಚಿಲ್ಲರೆ ಹೊರಬಂದ.
ಹೊಟ್ಟೆ ಅಂಚಿಗೆ ತಾಗಿತು, ಒಂದು ಕ್ಷಣ ಸಿಕ್ಕಿಕೊಂಡ.
(ಮುಂದಿನ ತಿಂಗಳು ಬಾಗಿಲು ಅಗಲಿಸಬೇಕು.
ಆಮೇಲೆ ಇವಳೂ ನುಗ್ಗುತ್ತಾಳೆ.
ಆಮೇಲೆ ಏನು ಮಾಡುವುದೋ ಚೀಟಿಯಲ್ಲಿಲ್ಲ.)
ಗಲ್ಲದ ತುಂಬ ಜಿಡ್ಡು ಅವನಿಗೆ, ಮೂಗಿನ ಮೇಲೂ.

ಕೆಂಚಿ ಎದ್ದಳು. ಒಂದು ಕೈಯಿಂದ ಅವನ ಕತ್ತು ಅದುಮಿ
ಮುಖ ನೆಕ್ಕತೊಡಗಿದಳು,
ತಾಯಿಯಂತೆ, ಅಥವಾ ಕಳ್ಳಿಯಂತೆ,
ಮೀಸೆಯ ಬುಡ, ತುಟಿಯ ಸಂದಿ, ಒಂದು ತುಣುಕೂ ಬಿಡದೆ.
ಅವನು ಕಣ್ಣು ಮುಚ್ಚಿ ಕೊಡುತ್ತಿದ್ದ.

ಮೊದಲ ಬಸ್ಸಿಗೆ ಹನ್ನೆರಡು ನಿಮಿಷ.
ಒಂದೇ ಕಾಲಿಗೆ ಚಪ್ಪಲಿ, ಬಾಯಲ್ಲಿ ಸೀಟಿ.
ಊದಲಿಲ್ಲ.